ಜೈ ಜವಾನ್, ಹೆಣ್ಣು ಮಾತ್ರ ಕೇಳಬೇಡ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ ಉಡಿಗಾಲ ಸಿಗುತ್ತದೆ. ಅರಿಶಿನ, ಬಾಳೆ, ಸಣ್ಣ ಈರುಳ್ಳಿಯ ಸೀಮೆ. ಗಡಿ ಎಂದರೆ ಇಲ್ಲಿಯವರಿಗೆ ಕೇರಳ, ತಮಿಳುನಾಡು. ಆದರೂ 2025ರ ಮೇ ತಿಂಗಳಲ್ಲಿ ಭಾರತ, ಪಾಕಿಸ್ತಾನ ಕಾದಾಡಿದ ಆ ನಾಲ್ಕು ದಿನ ಈ ರಸ್ತೆಯ ಟೀ ಅಂಗಡಿಗಳಲ್ಲಿ ನಡೆದಷ್ಟು ಯುದ್ಧ ಕಾಶ್ಮೀರದಲ್ಲೂ ನಡೆದಿರಲಿಕ್ಕಿಲ್ಲ. ಬೆಂಚಿನ ಮೇಲೆ ಕೂತವರು ಲಾಹೋರ್ ಹಿಡಿದರು. ಕರಾಚಿ ಬಂದರನ್ನು ಸುಟ್ಟರು. ಟಿವಿಯವರೂ ಹಾಗೇ ಹೇಳುತ್ತಿದ್ದರು ಅನ್ನಿ.

10ನೇ ತಾರೀಖು ಕದನವಿರಾಮ ಅಂದಾಗ ಬೆಂಚಿಗೆ ಬಹಳ ಬೇಜಾರಾಯಿತು. ಇನ್ನೆರಡು ದಿನ ಬಿಟ್ಟಿದ್ದರೆ ಮುಗಿಸಿಯೇಬಿಡುತ್ತಿದ್ದರಂತೆ. ಯಾರ ಮಗನನ್ನು ಮುಂದೆ ಬಿಟ್ಟು? ಅದನ್ನು ಕೇಳಬಾರದು. ಕೇಳಿದವನು ದೇಶದ್ರೋಹಿ.

ಕತ್ತಲೆಯ ಅಣಕು ಅಭ್ಯಾಸವೂ ಆಗಬೇಕು ಎಂದು ಕೆಲವರು ಹಾರಾಡಿದರು. ನಮಗೆ ಯಾಕೆ ಸ್ವಾಮಿ? ಕರೆಂಟಿನವರು ವರ್ಷವಿಡೀ ಅದನ್ನೇ ಮಾಡಿಸುತ್ತಿದ್ದಾರಲ್ಲ.

ಈ ಗದ್ದಲದಲ್ಲಿ ಬಾಯಿ ಬಿಡದೆ ಕೂತವನು ಒಬ್ಬನೇ. ಮಗನನ್ನು ನಿಜವಾಗಿ ಗಡಿಗೆ ಕಳಿಸಿದವನು. ಅವನ ಫೋನಿಗೆ ಮಗನ ಕರೆ ಬಂದು ದಿನಗಳಾಗಿವೆ. ಅದು ಒಂದು ಚಿಂತೆ. ಇನ್ನೊಂದು ಚಿಂತೆ ಯುದ್ಧಕ್ಕಿಂತ ಹಳೆಯದು. ಮಗನಿಗೆ ಹೆಣ್ಣು ಸಿಗುತ್ತಿಲ್ಲ. ಹೆಣ್ಣು ಕೇಳಲು ಹೋದ ಮನೆಯಲ್ಲಿ ಮಾತು ಹೀಗೆ:

“ಹೈದ ಏನ್ ಮಾಡ್ಕಂಡವ್ನೆ?”

“ಮಿಲ್ಟ್ರೀಲವ್ನೆ ಕಣಣ್ಣ.”

“ಓ... ಒಳ್ಳೇದಾಯ್ತು ಬುಡಿ. ದೇಸಸೇವೆ.”

ಕಾಫಿ ಬರುತ್ತದೆ. ಖಾರ, ಬಾಳೆಹಣ್ಣು ಬರುತ್ತವೆ. ಹೆಣ್ಣು ಮಾತ್ರ ಒಳಮನೆಯಿಂದ ಬರುವುದಿಲ್ಲ. ಎರಡು ದಿನ ಬಿಟ್ಟು ಮದುವೆ ಬ್ರೋಕರ್ ಫೋನ್ ಮಾಡುತ್ತಾನೆ: “ಜಾತ್ಕ ಕೂಡ್ಬರ್ನಿಲ್ವಂತೆ.” ಜಾತಕವನ್ನು ಯಾರೂ ಕೇಳಿಯೇ ಇರಲಿಲ್ಲ.

ಅದೇ ಮನೆಯ ಯಜಮಾನನ ವಾಟ್ಸ್ಯಾಪ್ ತೆರೆದು ನೋಡಿ. ತ್ರಿವರ್ಣ ಧ್ವಜ, ಹಿಮದಲ್ಲಿ ನಿಂತ ಯೋಧ, ಕೆಳಗೆ ಎರಡು ಕೈಮುಗಿದ ಚಿತ್ರ. ಹಿಮದಲ್ಲಿ ನಿಂತವನು ಅಳಿಯನಾಗಿ ಬೇಡ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಯಾವುದೋ ಕಂಪನಿಯಲ್ಲಿ ಇದ್ದರೆ ಸಾಕು. ಕಂಪನಿಯ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ.

ಅಪ್ಪನ ಭಯ ನನಗೆ ಅರ್ಥವಾಗುತ್ತದೆ. ಮಗಳು ಒಂಟಿಯಾಗುತ್ತಾಳೆ ಎಂಬ ಹೆದರಿಕೆ ಸುಳ್ಳಲ್ಲ. ಆ ಹೆದರಿಕೆ ಇದ್ದವನು ಇನ್ನೊಬ್ಬರ ಮಗಳ ಗಂಡನನ್ನು ‘ನುಗ್ಗು ನುಗ್ಗು’ ಅನ್ನುವುದು ಮಾತ್ರ ಅರ್ಥವಾಗುವುದಿಲ್ಲ.

1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ‘ಜೈ ಜವಾನ್ ಜೈ ಕಿಸಾನ್’ ಅಂದರು. ನಾವು ಇಂದಿಗೂ ಅನ್ನುತ್ತಿದ್ದೇವೆ. ಜವಾನನ ಗತಿ ಮೇಲೆ ಹೇಳಿದೆ. ಕಿಸಾನನ ಗತಿ ನೋಡಬೇಕೆ? 2023ರ ಫೆಬ್ರುವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ನಮ್ಮ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟಕ್ಕೆ ಬ್ರಹ್ಮಚಾರಿಗಳು ಪಾದಯಾತ್ರೆ ಬಂದರು. ಬಹುಪಾಲು ರೈತರ ಮಕ್ಕಳು. ಹರಕೆ ಒಂದೇ: ಮಾದಪ್ಪಾ, ಹೆಣ್ಣು ಕೊಡಿಸು. ಘೋಷಣೆಯಲ್ಲಿ ಇಬ್ಬರಿಗೂ ಜೈ. ಮದುವೆ ಮಾತುಕತೆಯಲ್ಲಿ ಇಬ್ಬರಿಗೂ ಕೈ.

ನಮ್ಮ ಹುಡುಗರಲ್ಲಿ ಕೆಲವರು ಎರಡೂ ಹೌದು. ಅಪ್ಪನ ಬೆದ್ದಲಿನಲ್ಲಿ ಬೋರ್‌ವೆಲ್ ಬತ್ತಿತು ಅಂತ ಮಿಲಿಟರಿಗೆ ಹೋದವರು. ದೇಶಭಕ್ತಿ ಉಕ್ಕಿ ಹೋದರು ಎಂದು ಭಾಷಣದಲ್ಲಿ ಹೇಳುತ್ತಾರೆ. ಇರಬಹುದು. ಸಂಬಳ ಇತ್ತು ಎಂಬುದನ್ನೂ ಯಾರಾದರೂ ಹೇಳಿದರೆ ಆ ಭಕ್ತಿಗೆ ಮೈಲಿಗೆಯಾಗುವುದಿಲ್ಲ.

ಸರ್ಕಾರ ಇನ್ನೂ ಜಾಣ. 2022ರ ಜೂನ್ 14ರಂದು ಅಗ್ನಿಪಥ ಯೋಜನೆ ತಂದಿತು. ನಾಲ್ಕು ವರ್ಷದ ನೌಕರಿ. ಮೊದಲ ವರ್ಷ ತಿಂಗಳಿಗೆ 30 ಸಾವಿರ, ಅದರಲ್ಲಿ ಕೈಗೆ 21 ಸಾವಿರ. ನಾಲ್ಕು ವರ್ಷದ ಮೇಲೆ ನೂರರಲ್ಲಿ 25 ಜನರನ್ನು ಉಳಿಸಿಕೊಂಡು ಮಿಕ್ಕವರಿಗೆ ಸುಮಾರು 11.71 ಲಕ್ಷ ಕೊಟ್ಟು ನಮಸ್ಕಾರ. ಪಿಂಚಣಿ ಇಲ್ಲ. ಸೇರುವವನು ಅವಿವಾಹಿತನಾಗಿರಬೇಕು. ಆ ನಾಲ್ಕು ವರ್ಷ ಮದುವೆಯ ಸುದ್ದಿಯನ್ನೂ ಎತ್ತುವಂತಿಲ್ಲ.

ಕರ್ತವ್ಯದಲ್ಲಿ ಸತ್ತರೆ 48 ಲಕ್ಷದ ವಿಮೆ ಇದೆ, ಪರಿಹಾರದ ದುಡ್ಡೂ ಇದೆ. ಕುಟುಂಬ ಪಿಂಚಣಿ ಇಲ್ಲ. ಲೆಕ್ಕ ಚೆನ್ನಾಗಿದೆ. ಹೆಂಡತಿಯೇ ಇಲ್ಲದವನಿಗೆ ವಿಧವೆ ಎಲ್ಲಿಂದ ಬರಬೇಕು? ಅವ್ವ ಇದ್ದಾಳಲ್ಲ ಅನ್ನುತ್ತೀರಾ? ಅವ್ವನಿಗೆ ವೇದಿಕೆಯ ಮೇಲೆ ಶಾಲು ಹೊದಿಸುತ್ತಾರೆ.

ಹೆಂಡತಿ ಇದ್ದವರ ಕಥೆಗೂ ಸರ್ಕಾರ ಬಹಳ ತಲೆ ಕೆಡಿಸಿಕೊಂಡಿತ್ತು. ಶೌರ್ಯ ಪದಕ ಪಡೆದ ಯೋಧ ತೀರಿಕೊಂಡರೆ ಪದಕದ ಭತ್ಯೆ ಹೆಂಡತಿಗೆ ಬರುತ್ತದೆ. ಅವಳು ಮರುಮದುವೆಯಾದರೆ ಭತ್ಯೆ ಬಂದ್ ಆಗುತ್ತಿತ್ತು. ಒಂದೇ ವಿನಾಯಿತಿ: ಸತ್ತ ಗಂಡನ ತಮ್ಮನನ್ನೋ ಅಣ್ಣನನ್ನೋ ಕಟ್ಟಿಕೊಂಡರೆ ಭತ್ಯೆ ಮುಂದುವರಿಯುತ್ತಿತ್ತು. ಅಂದರೆ ಪ್ರೀತಿಸಬಹುದಿತ್ತು, ಆದರೆ ಅದೇ ಮನೆಯೊಳಗೆ. ಇದು ಮನುಸ್ಮೃತಿಯ ಕಾಲದ್ದಲ್ಲ. ನಮ್ಮ ರಕ್ಷಣಾ ಸಚಿವಾಲಯ ಈ ಷರತ್ತನ್ನು ತೆಗೆದದ್ದು 2017ರ ನವೆಂಬರಿನಲ್ಲಿ. ಮಂಗಳನ ಕಕ್ಷೆಗೆ ನೌಕೆ ಕಳಿಸಿ ಮೂರು ವರ್ಷವಾದ ಮೇಲೆ.

ಅಲ್ಲಿಯವರೆಗೆ ದೆಹಲಿಯ ಫೈಲಿಗೂ ನಮ್ಮೂರ ಜಗಲಿಗೂ ವ್ಯತ್ಯಾಸವಿರಲಿಲ್ಲ. ದುಡ್ಡು ಮನೆ ಬಿಟ್ಟು ಹೋಗಬಾರದು. ಹುಡುಗಿ ದುಡ್ಡಿನ ಜೊತೆಗೇ ಇರಬೇಕು.

ಈಗ ಕುಂಕುಮದ ವಿಷಯ. ಪಹಲ್ಗಾಮ್‌ನಲ್ಲಿ 2025ರ ಏಪ್ರಿಲ್ 22ರಂದು ಉಗ್ರರು 26 ಮಂದಿಯನ್ನು ಕೊಂದರು. ಅದಕ್ಕೆ ಪ್ರತಿಯಾಗಿ ನಮ್ಮ ಸೇನೆ ಮಾಡಿದ ಮೇ 7ರ ದಾಳಿಗೆ ಸಿಂಧೂರದ ಹೆಸರಿಟ್ಟರು. ಊರೂರಲ್ಲಿ ಫ್ಲೆಕ್ಸ್ ನಿಂತಿತು. ಫ್ಲೆಕ್ಸ್‌ನಲ್ಲಿ ಕುಂಕುಮ ಇಷ್ಟು, ಮುಖಂಡರ ಮುಖ ಅಷ್ಟು. ಹೆಣ್ಣುಮಕ್ಕಳ ಹಣೆಯ ಗೌರವಕ್ಕೆ ಯುದ್ಧ ಎಂದು ಮೈಕು ಒದರಿತು.

ಅದೇ ಊರಲ್ಲಿ ಗಂಡ ಸತ್ತವಳ ಹಣೆಯನ್ನು ಯಾರು ಒರೆಸುತ್ತಾರೆ? ಪಾಕಿಸ್ತಾನದವರಲ್ಲ. ಓರಗಿತ್ತಿ, ಅತ್ತೆ, ಪಕ್ಕದ ಮನೆಯ ದೊಡ್ಡವ್ವ. ಬಳೆ ಒಡೆಯುವ ಶಾಸ್ತ್ರಕ್ಕೆ ಊರೇ ಸೇರುತ್ತದೆ. ಮುಂದೆ ಗೃಹಪ್ರವೇಶಕ್ಕೆ ಕರೆದರೂ ‘ನೀ ಒಳಗೇ ಇರವ್ವ’ ಅನ್ನುತ್ತಾರೆ. ತಾಂಬೂಲದ ತಟ್ಟೆ ಅವಳನ್ನು ದಾಟಿ ಹೋಗುತ್ತದೆ. ಶತ್ರು ಗಂಡನನ್ನು ಕೊಂದ. ಉಳಿದದ್ದನ್ನು ನಾವೇ ಮುಗಿಸುತ್ತೇವೆ, ಅರಿಶಿನ ಬೆಳೆಯುವ ಸೀಮೆಯವರು.

ಅವಳು ಬಾಯಿ ಬಿಟ್ಟರಂತೂ ಇನ್ನೂ ಕಷ್ಟ. ಮದುವೆಯಾಗಿ ವಾರ ತುಂಬುವ ಮೊದಲೇ ಪಹಲ್ಗಾಮ್‌ನಲ್ಲಿ ಗಂಡನನ್ನು ಕಳೆದುಕೊಂಡ ಹುಡುಗಿಯೊಬ್ಬಳು ಹೇಳಿದಳು: ಮುಸ್ಲಿಮರ ಮೇಲೆ, ಕಾಶ್ಮೀರಿಗಳ ಮೇಲೆ ಹೋಗಬೇಡಿ, ನಮಗೆ ಶಾಂತಿ ಬೇಕು, ನ್ಯಾಯ ಬೇಕು. ಶವದ ಪಕ್ಕ ಅವಳು ಕೂತ ಫೋಟೊ ಹಂಚಿ ಅತ್ತಿದ್ದ ದೇಶಭಕ್ತರೇ ಅವಳ ಚಾರಿತ್ರ್ಯ ಅಳೆಯಲು ಕೂತರು. ರಾಷ್ಟ್ರೀಯ ಮಹಿಳಾ ಆಯೋಗ ಬಾಯಿ ತೆರೆದು ಇದು ಸರಿಯಲ್ಲ ಎನ್ನಬೇಕಾಯಿತು. ಫೋಟೊದಲ್ಲಿ ಸುಮ್ಮನಿದ್ದಷ್ಟು ಹೊತ್ತು ಅವಳು ವೀರನ ಮಡದಿ.

ತ್ಯಾಗ ಕೇಳುವುದರಲ್ಲಿ ನಮ್ಮದು ಹಳೆಯ ಪರಂಪರೆ. 1962ರಲ್ಲಿ ಚೀನಾ ಬಂತು. ರಕ್ಷಣಾ ನಿಧಿಗೆ ಹೆಂಗಸರು ಬಳೆ, ಸರ ಬಿಚ್ಚಿಕೊಟ್ಟರು. 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣ ಬಂತು: ಹೊಸ ಒಡವೆ 14 ಕ್ಯಾರೆಟ್ ಮೀರಬಾರದು. ಮಗಳ ಮದುವೆಗೆ ಹಿತ್ತಾಳೆ ಬಣ್ಣದ ತಾಳಿ. ಅಕ್ಕಸಾಲಿಗರ ಕುಲುಮೆ ಆರಿತು. ತಿಜೋರಿ ತುಂಬಿದವರ ತಿಜೋರಿ ತುಂಬಿಯೇ ಇತ್ತು. 1966ರಲ್ಲಿ ಆ ಮಿತಿಯನ್ನು ತೆಗೆದರು. ಕಸುಬು ಬಿಟ್ಟು ಹೋದವರಿಗೆ ಯಾರೂ ಮರಳಿ ಬಾ ಎಂದು ಹೇಳಿಕಳಿಸಲಿಲ್ಲ.

1965ರಲ್ಲಿ ಸೋಮವಾರ ರಾತ್ರಿಯ ಊಟ ಬಿಡಿ ಎಂದರು. ಶಾಸ್ತ್ರಿಯವರು ಮೊದಲು ತಮ್ಮ ಮನೆಯಲ್ಲೇ ಬಿಟ್ಟು ನೋಡಿದ್ದರು, ಅವರಿಗೆ ಕೈಮುಗಿಯಬೇಕು. ಆದರೆ ಮಳೆ ನಂಬಿದ ಬೆದ್ದಲ ಸೀಮೆಯಲ್ಲಿ ಒಪ್ಪತ್ತಿನ ಮುದ್ದೆಗೇ ತತ್ವಾರ ಇದ್ದವರು ಯಾವ ಊಟ ಬಿಡಬೇಕಿತ್ತು?

ಧೈರ್ಯದ ಮಾತೂ ಒಂದಿಷ್ಟು ಆಗಲಿ. ಈ ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆ ಎಂದು ಎಷ್ಟು ಮುಖ್ಯಮಂತ್ರಿಗಳು ಹೆದರಿ ತಪ್ಪಿಸಿಕೊಂಡರು! ಸಿದ್ದರಾಮಯ್ಯ ಹಲವು ಸಲ ಬಂದು ಆ ಭಯ ಮುರಿದರು ಎಂಬುದೇ ಒಂದು ದೊಡ್ಡ ಸುದ್ದಿಯಾಯಿತು. ಇಲ್ಲಿಯ ಹುಡುಗ ಸಿಯಾಚಿನ್‌ಗೆ ಹೋಗಬೇಕು. ಹೆದರಿದ ಆ ಮುಖ್ಯಮಂತ್ರಿಗಳಿಗೆ ಮೈಸೂರಿನಿಂದ ಇಲ್ಲಿಗೆ ಬರಲು ನಡುಕ.

2022ರ ಕೊನೆಯಲ್ಲಿ ಸೇರಿದ ಅಗ್ನಿವೀರರ ಮೊದಲ ತಂಡಕ್ಕೆ 2026ರ ಕೊನೆಗೆ ನಾಲ್ಕು ವರ್ಷ ತುಂಬುತ್ತದೆ. ಯೋಜನೆಯ ಲೆಕ್ಕದಂತೆ ನಾಲ್ವರಲ್ಲಿ ಮೂವರು ಟ್ರಂಕು ಹೊತ್ತು ಊರಿಗೆ ಬರುತ್ತಾರೆ. ನೌಕರಿ ಇಲ್ಲ, ಪಿಂಚಣಿ ಇಲ್ಲ, ವಯಸ್ಸು ಇನ್ನೂ ಇಪ್ಪತ್ತೈದರ ಆಸುಪಾಸು. ಕೆಲಸ ಹುಡುಕುತ್ತಾರೆ, ಹೆಣ್ಣೂ ಹುಡುಕುತ್ತಾರೆ. ನಿಮ್ಮ ಬಾಗಿಲಿಗೂ ಒಬ್ಬ ಬರಬಹುದು. ಹಾರ ಹಾಕಬೇಡಿ. ಕೂರಿಸಿ ಮಾತಾಡಿ. ಮಗಳಿಗೆ ಒಪ್ಪಿಗೆಯಿಲ್ಲದಿದ್ದರೆ ಇಲ್ಲ ಎಂದು ನೇರವಾಗಿ ಹೇಳಿ, ತಪ್ಪೇನಿಲ್ಲ. ಅವತ್ತು ಸಂಜೆ ದೇಶಭಕ್ತಿಯ ಸ್ಟೇಟಸ್ ಮಾತ್ರ ಹಾಕಬೇಡಿ.