ಮೀಸೆ ಮಣ್ಣಾಗಲಿಲ್ಲ

ಹನ್ನೆರಡು ವರ್ಷಗಳಿಂದ ನನ್ನ ಮೀಸೆ ಸಹಜವಾಗಿಯೇ ಕಪ್ಪಗಿದೆ. ‘ಅಜ್ಜನ ಕಡೆಯ ಬಳುವಳಿ’ ಎಂದು ಕೇಳದವರಿಗೂ ಹೇಳಿಕೊಂಡು ಬಂದವನು ನಾನು. ತಂಗಿಯ ಮಗಳ ನಿಶ್ಚಿತಾರ್ಥದ ಹಿಂದಿನ ರಾತ್ರಿ ಆ ಬಳುವಳಿಯನ್ನು ಬ್ರಶ್ಶಿನಿಂದ ಬಳಿದುಕೊಳ್ಳುವಾಗ ಕೈ ಜಾರಿ, ಮೂಗಿನಿಂದ ತುಟಿಯವರೆಗೂ ಕಪ್ಪು ಮೆತ್ತಿಕೊಂಡಿತು. ಸೋಪು, ಸೀಗೆಪುಡಿ, ಕೊಬ್ಬರಿ ಎಣ್ಣೆ ಯಾವುದಕ್ಕೂ ಜಗ್ಗಲಿಲ್ಲ.

ಅಂತರ್ಜಾಲ ಇರುವಾಗ ಯಾರ ಹಂಗೇಕೆ? ಕನ್ನಡಕ ಬಿಚ್ಚಿಟ್ಟಿದ್ದೆ. ಒದ್ದೆ ಹೆಬ್ಬೆರಳಲ್ಲೇ ‘ಮೀಸೆಯ ಡೈ ತುಟಿಗೆ ಹತ್ತಿದರೆ ತೆಗೆಯುವುದು ಹೇಗೆ’ ಎಂದು ಗೂಗಲ್ಲನ್ನು ಕೇಳಿದೆ. ಉತ್ತರ ಬಂದದ್ದು ಶಿರಸಿಯ ಚಿಕ್ಕಪ್ಪನಿಂದ: ‘ಟೂತ್‌ಪೇಸ್ಟ್ ಹಚ್ಚಿ ತಿಕ್ಕು.’

ಕಣ್ಣು ಕಿರಿದು ಮಾಡಿ ನೋಡಿದೆ. ಪ್ರಶ್ನೆ ಹೋಗಿ ಬಿದ್ದದ್ದು ನಿಶ್ಚಿತಾರ್ಥದ ವಾಟ್ಸ್ಆ್ಯಪ್ ಗ್ರೂಪಿಗೆ. ಬೀಗರೂ ಸೇರಿ ಅಲ್ಲಿ 43 ಜನ.

ಗಾಬರಿಯಲ್ಲಿ ಪ್ರಶ್ನೆಯನ್ನು ಒತ್ತಿ ಹಿಡಿದೆ. ಡಿಲೀಟ್ ಫಾರ್ ಎವ್ರಿವನ್, ಡಿಲೀಟ್ ಫಾರ್ ಮಿ ಎಂದು ಎರಡು ದಾರಿ ತೆರೆದವು. ಕನ್ನಡಕವಿಲ್ಲದ ಕಣ್ಣಿಗೆ ಎರಡೂ ಒಂದೇ. ಒತ್ತಿದೆ. ಪ್ರಶ್ನೆ ಮಾಯವಾಯಿತು, ಪ್ರಾಣ ಮರಳಿತು. ಕೆಳಗೆ ಏನೋ ಒಂದು ಪಟ್ಟಿ ಮೂಡಿತು. ಓದೋಣವೆಂದು ಕನ್ನಡಕ ಹುಡುಕಿ ತರುವಷ್ಟರಲ್ಲಿ ಅದೂ ಹೋಯಿತು. ತಪ್ಪು ತಿದ್ದಿಕೊಳ್ಳಲು ಆ ಕಂಪನಿ ದಯಪಾಲಿಸಿರುವ ಐದು ಸೆಕೆಂಡು ಅದೇ ಎಂದು ಆಮೇಲೆ ತಿಳಿಯಿತು. ನಾನು ಅಳಿಸಿದ್ದು ನನ್ನ ಪಾಲಿಗೆ ಮಾತ್ರ! ನನ್ನ ಮೀಸೆಯ ಗುಟ್ಟು ಈಗ ನನ್ನೊಬ್ಬನನ್ನು ಬಿಟ್ಟು ಎಲ್ಲರ ಕೈಯಲ್ಲೂ ಇತ್ತು. ನನ್ನ ಫೋನಿನಲ್ಲಿ ಸತ್ತ ಆ ಪ್ರಶ್ನೆ, ಒಬ್ಬೊಬ್ಬರ ಉತ್ತರದ ನೆತ್ತಿಯ ಮೇಲೂ ಕೂತು ಮೆರವಣಿಗೆ ಬರತೊಡಗಿತು. ಡಲ್ಲಾಸಿನ ಸೋದರಳಿಯ: ‘ಮಾಮ, ನಿಮ್ಮದು ನ್ಯಾಚುರಲ್ ಅಂತಿದ್ರಲ್ಲ?’ ಅತ್ತಿಗೆಯಿಂದ ಬರೀ ಕೈಮುಗಿದ ಚಿತ್ರ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು ಅಂದುಕೊಂಡೆ. ಅದು ಹೆಂಡತಿಯ ನಗು.

ಸಂದೇಶವನ್ನು ನಡುವೆ ಯಾರೂ ಓದಲಾರರು ಎಂದು ವಾಟ್ಸ್ಆ್ಯಪ್ 2016ರಿಂದ ಭರವಸೆ ಕೊಡುತ್ತಲೇ ಇದೆ. ನಿಜ, ನಡುವೆ ಯಾರೂ ಓದಲಿಲ್ಲ.

ಶಾಲೆಯಲ್ಲಿದ್ದಾಗ ಪೋಲಿ ಪದಗಳ ಅರ್ಥಕ್ಕೆ ಕಿಟೆಲ್ ಕೋಶ ತಿರುವಿ ಹಾಕುತ್ತಿದ್ದೆವು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಮಹಾಗ್ರಂಥ ನಾವು ಏನು ಹುಡುಕಿದೆವೆಂದು ಮೇಷ್ಟ್ರಿಗೆ ಒಂದು ದಿನವೂ ಹೇಳಲಿಲ್ಲ. ನಮ್ಮೂರ ಪೋಸ್ಟ್‌ಮನ್ ಮಾತ್ರ ಕಾರ್ಡುಗಳನ್ನು ಓದಿಯೇ ಕೊಡುತ್ತಿದ್ದ. ಆದರೆ ಸಾವಿನ ಸುದ್ದಿಯಿದ್ದ ದಿನ ಸೈಕಲ್ ಬೆಲ್ ಹೊಡೆಯದೆ ಬಂದು ಅಪ್ಪನನ್ನು ಪಕ್ಕಕ್ಕೆ ಕರೆಯುತ್ತಿದ್ದ. ಓದುವವನಿಗೆ ಒಂದು ಮುಖವಿತ್ತು, ಮುಖಕ್ಕೆ ದಾಕ್ಷಿಣ್ಯವಿತ್ತು. ಈಗ ಎರಡು ಬನಿಯನ್ ಕೊಂಡರೂ ಕೌಂಟರಿನ ಹುಡುಗ ತಲೆ ಎತ್ತದೆ ‘ಸರ್, ಮೊಬೈಲ್ ನಂಬರ್’ ಅನ್ನುತ್ತಾನೆ. ನನ್ನ ಬನಿಯನ್ನಿಗೂ ನನ್ನ ನಂಬರಿಗೂ ಏನು ನಂಟು? ಕೇಳಬೇಕು ಅಂದುಕೊಳ್ಳುತ್ತೇನೆ. ಅಷ್ಟರಲ್ಲಿ ಬಾಯಿ ಹತ್ತೂ ಅಂಕಿ ಒಪ್ಪಿಸಿಬಿಟ್ಟಿರುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಅದಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಿದವರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿ, ಆ ಇಳಿವಯಸ್ಸಿನಲ್ಲಿ. ಅಷ್ಟು ದೊಡ್ಡವರು ಗೆದ್ದುಕೊಟ್ಟದ್ದನ್ನು ನನ್ನ ಒಂದು ಹೆಬ್ಬೆರಳು ಬಚ್ಚಲುಮನೆಯಲ್ಲಿ ಕಳೆಯಿತು.

ರಾತ್ರಿ ಹನ್ನೊಂದಕ್ಕೆ ಬೀಗರಿಂದ ಸಂದೇಶ ಬಂತು. ಗ್ರೂಪಿಗಲ್ಲ, ನನಗೊಬ್ಬನಿಗೇ: ‘ಉಪಾಯ ಸಿಕ್ಕಿದರೆ ನಮಗೂ ತಿಳಿಸಿ. ಯಾರಿಗೂ ಹೇಳಬೇಡಿ.’ ಬಿದ್ದ ಜಟ್ಟಿಗೆ ಮೀಸೆ ಮಣ್ಣಾಗಲಿಲ್ಲ ಎಂಬ ಸಮಾಧಾನ ಸಿಕ್ಕಿತು. ಆ ಹುರುಪಿನಲ್ಲಿ, ಕನ್ನಡಕ ಹಾಕಿಕೊಂಡು, ಅದೇ ಪ್ರಶ್ನೆಯನ್ನು ಸರಿಯಾದ ಜಾಗದಲ್ಲೇ ಕೇಳಿದೆ.

ತುಟಿಯ ಕಪ್ಪು ನಾಲ್ಕು ದಿನಕ್ಕೆ ತಾನಾಗಿಯೇ ಹೋಯಿತು. ಡೈಯ ಜಾಹೀರಾತು ಇನ್ನೂ ಬರುತ್ತಿದೆ.