ಮೂರು ಗಂಟೆ ತಡಮಾಡುವ ಯಂತ್ರ

ಹೊತ್ತಿನ ವಿಷಯದಲ್ಲಿ ನಾವು ಭಾಗ್ಯವಂತರು. ಅರುಣಾಚಲದಲ್ಲಿ ಬಿಸಿಲೇರಿ ಜನ ಎರಡನೇ ಲೋಟ ಚಹಾ ಕುಡಿಯುವಾಗ ಕಛ್‌ನಲ್ಲಿ ಇನ್ನೂ ಮಬ್ಬುಗತ್ತಲೆ. ಆದರೂ ಎರಡೂ ಕಡೆ ಗಡಿಯಾರದ ಮುಳ್ಳು ಒಂದೇ ಜಾಗದಲ್ಲಿ. ನಮ್ಮಲ್ಲಿ ಯಾರಾದರೂ ಮುಹೂರ್ತ ಮುಗಿದ ಮೇಲೆ ಮದುವೆಮನೆಗೆ ಬಂದರೆ ಅದು ಅವರ ಸ್ವಂತ ಸಾಧನೆ, ಭೂಗೋಳದ ಮೇಲೆ ಹೊರಿಸುವಂತಿಲ್ಲ.

ಅಮೆರಿಕದವರಿಗೆ ಈ ಅನುಕೂಲವಿಲ್ಲ. ನ್ಯೂಯಾರ್ಕಿನಲ್ಲಿ ರಾತ್ರಿ ಎಂಟಾದರೆ ಲಾಸ್ ಏಂಜಲೀಸಿನಲ್ಲಿ ಸಂಜೆ ಐದು. 1950ರ ದಶಕದ ಮೊದಲಲ್ಲಿ ಟೆಲಿವಿಷನ್ ಎಂದರೆ ಬಹುಪಾಲು ನೇರ ಪ್ರಸಾರವೇ. ನ್ಯೂಯಾರ್ಕಿನ ಹಾಸ್ಯಗಾರ ಊಟ ಮುಗಿಸಿ ಕೂತವರನ್ನು ನಗಿಸಲು ನಿಂತರೆ, ಪಶ್ಚಿಮದ ಪ್ರೇಕ್ಷಕ ಇನ್ನೂ ಆಫೀಸಿನ ಮೆಟ್ಟಿಲು ಇಳಿಯುತ್ತಿದ್ದ. ಒಂದು ನಗೆಯನ್ನು ಹಳಸದಂತೆ ಮೂರು ಗಂಟೆ ಇಟ್ಟುಕೊಳ್ಳುವುದು ಹೇಗೆ? ನಾನಿಲ್ಲಿ ಹೊಗಳಲು ಹೊರಟಿರುವುದು ಎರಡಿಂಚು ಅಗಲದ ಟೇಪಿನ ಸುರುಳಿಗಳನ್ನು ಹೊತ್ತ, ಬೀರುಗಾತ್ರದ ಹಳೇ ವಿಡಿಯೋ ರೆಕಾರ್ಡರನ್ನು. ಅದು ಹುಟ್ಟಿದ್ದು ಈ ಕ್ಷುಲ್ಲಕ ಕಾರಣಕ್ಕೆ. ನೆನಪು, ಇತಿಹಾಸ, ಮುಂದಿನ ಪೀಳಿಗೆ ಎಂಬುದೆಲ್ಲ ನಾವು ಆಮೇಲೆ ಅದರ ಕೊರಳಿಗೆ ಹಾಕಿದ ಹಾರ. ಅದನ್ನು ಮಾಡಿದ್ದು ತಡಮಾಡುವುದಕ್ಕೆ.

ಅದಕ್ಕೂ ಮೊದಲಿದ್ದ ಉಪಾಯ ನೋಡಿ. ಟಿ.ವಿ. ಪರದೆಯ ಮುಂದೆ ಸಿನಿಮಾ ಕ್ಯಾಮೆರಾ ನಿಲ್ಲಿಸಿ, ಬಂದದ್ದನ್ನೆಲ್ಲ ಫಿಲ್ಮಿಗೆ ಇಳಿಸುವುದು. ಕಿನೆಸ್ಕೋಪ್ ಎಂದು ಕರೆಯುತ್ತಿದ್ದರು. ಫಿಲ್ಮನ್ನು ಲ್ಯಾಬಿಗೆ ಓಡಿಸಿ, ತೊಳೆದು, ಒಣಗಿತೋ ಇಲ್ಲವೋ ಎನ್ನುವಷ್ಟರಲ್ಲಿ ಪ್ರೊಜೆಕ್ಟರಿಗೆ ಏರಿಸಿ ಪ್ರಸಾರ ಮಾಡುತ್ತಿದ್ದರು. ಇಷ್ಟು ಗಡಿಬಿಡಿಯಲ್ಲಿ ತಯಾರಾದ ಚಿತ್ರ ಮಂಜುಮಂಜು. 1954ರ ಹೊತ್ತಿಗೆ ಟೆಲಿವಿಷನ್ ಕಂಪನಿಗಳು ಖರ್ಚು ಮಾಡುತ್ತಿದ್ದ ಕಚ್ಚಾ ಫಿಲ್ಮು ಹಾಲಿವುಡ್ಡಿನ ಸ್ಟುಡಿಯೋಗಳೆಲ್ಲ ಸೇರಿ ಬಳಸುವುದಕ್ಕಿಂತ ಹೆಚ್ಚಾಗಿತ್ತು. ಎಲ್ಲಾ ಒಂದು ಸಲ ತೋರಿಸಿ ಮೂಲೆಗೆ ಎಸೆಯುವುದಕ್ಕೆ!

ಧ್ವನಿಗೆ ಆಗಲೇ ಟೇಪ್ ಇತ್ತು. ಚಿತ್ರದ ಕಷ್ಟವೆಂದರೆ ಅದರ ಸಂಕೇತದಲ್ಲಿ ಸೆಕೆಂಡಿಗೆ ಲಕ್ಷಗಟ್ಟಲೆ ಏರಿಳಿತ. ಅಷ್ಟನ್ನೂ ಹಿಡಿಯಬೇಕಾದರೆ ಸಂಕೇತವನ್ನು ಟೇಪಿಗೆ ಬರೆಯುವ ಹೆಡ್ಡಿನ ಮುಂದೆ ಟೇಪ್ ಬಿರುಗಾಳಿಯ ವೇಗದಲ್ಲಿ ಹಾಯಬೇಕು. ಹಾಗಾದರೆ ಹಾಯಲಿ ಬಿಡಿ ಎಂದುಕೊಂಡವರು ಹಲವರು. 1953ರಲ್ಲಿ ಆರ್‌ಸಿಎ ಕಂಪನಿ ಸೆಕೆಂಡಿಗೆ ಮೂವತ್ತು ಅಡಿ ಟೇಪ್ ನುಂಗುವ ಯಂತ್ರವನ್ನು ತೋರಿಸಿತು; ದೊಡ್ಡ ಸುರುಳಿಯೊಂದು ನಾಲ್ಕು ನಿಮಿಷಕ್ಕೆ ಖಾಲಿ. ಲಂಡನ್ನಿನಲ್ಲಿ ಬಿಬಿಸಿಯ ಇಂಜಿನಿಯರುಗಳು ವರ್ಷಗಟ್ಟಲೆ ಹೆಣಗಿ ‘ವೆರಾ’ ಎಂಬ ಯಂತ್ರ ಕಟ್ಟಿದರು. ಅದರ ಸುರುಳಿಯ ಅಡ್ಡಳತೆ ಇಪ್ಪತ್ತಿಂಚು, ಸೆಕೆಂಡಿಗೆ ಐದು ಮೀಟರ್ ಓಟ. ಹದಿನೈದು ನಿಮಿಷದ ಕಾರ್ಯಕ್ರಮಕ್ಕೆ ನಾಲ್ಕೂವರೆ ಕಿಲೋಮೀಟರ್ ಟೇಪು. 1958ರ ಏಪ್ರಿಲ್ 14ರಂದು ‘ಪನೋರಮಾ’ ಕಾರ್ಯಕ್ರಮದಲ್ಲಿ ರಿಚರ್ಡ್ ಡಿಂಬಲ್ಬಿ ಒಂದು ಗಡಿಯಾರದ ಪಕ್ಕ ಕೂತು ಎರಡು ಮಾತಾಡಿದರು. ಟೇಪನ್ನು ಹಿಂದಕ್ಕೆ ಸುತ್ತಿ ಅದೇ ಮಾತನ್ನು ಮತ್ತೆ ತೋರಿಸಲಾಯಿತು. ಬ್ರಿಟನ್ ಬೆರಗಾಯಿತು. ಪಾಪ, ಬೆರಗಾಗುವುದು ತುಸು ತಡವಾಗಿತ್ತು. ಅದಕ್ಕೆ ಸರಿಯಾಗಿ ಎರಡು ವರ್ಷ ಮೊದಲೇ, ಇದೇ ಏಪ್ರಿಲ್ 14ರಂದು, ಷಿಕಾಗೋದಲ್ಲಿ ಆಂಪೆಕ್ಸ್‌ನವರು ಈ ಆಟ ಮುಗಿಸಿಬಿಟ್ಟಿದ್ದರು. ಕೊನೆಗೆ ಬಿಬಿಸಿಯೂ ಆಂಪೆಕ್ಸನ್ನೇ ಕೊಂಡಿತು.

ಆಂಪೆಕ್ಸ್ ಕ್ಯಾಲಿಫೋರ್ನಿಯಾದ ಸಣ್ಣ ಕಂಪನಿ. ರಷ್ಯಾ ಮೂಲದ ಅಲೆಕ್ಸಾಂಡರ್ ಎಂ. ಪೋನಿಯಾಟಾಫ್ 1944ರಲ್ಲಿ ಕಟ್ಟಿದ್ದು. ತಮ್ಮ ಹೆಸರಿನ ಮೂರು ಮೊದಲಕ್ಷರಗಳಿಗೆ ‘ಎಕ್ಸಲೆನ್ಸ್’ನ ಆರಂಭವನ್ನು ಜೋಡಿಸಿ ಕಂಪನಿಗೆ ನಾಮಕರಣ ಮಾಡಿದ ಪುಣ್ಯಾತ್ಮರು, ಸಂಕೋಚ ಅವರಿಗೆ ಇದ್ದಂತೆ ಕಾಣುವುದಿಲ್ಲ. 1951ರ ಕೊನೆಗೆ ಚಾರ್ಲ್ಸ್ ಗಿನ್ಸ್‌ಬರ್ಗ್ ಕೈಗೆ ವಿಡಿಯೋ ಟೇಪಿನ ಕೆಲಸ ಒಪ್ಪಿಸಿದರು. ಮೊದಮೊದಲ ಪ್ರಯೋಗದಲ್ಲಿ ಒಂದು ಕೌಬಾಯ್ ಚಿತ್ರದ ತುಣುಕನ್ನು ರೆಕಾರ್ಡ್ ಮಾಡಿ ತೋರಿಸಿದಾಗ ಪೋನಿಯಾಟಾಫ್ ‘ಭೇಷ್’ ಎಂದು ಮೆಚ್ಚಿಕೊಂಡು, ಇದು ಕುದುರೆಯೋ ಸವಾರನೋ ಎಂದು ಕೇಳಿದರಂತೆ. ನಡುವೆ ಕಂಪನಿಯೇ ಕೆಲಸ ನಿಲ್ಲಿಸಿತು, ಮತ್ತೆ ಶುರುವಾಯಿತು. ನಮ್ಮ ಸರ್ಕಾರಿ ಯೋಜನೆಗಳು ಮಾತ್ರ ಹಾಗೆ ಎಂದುಕೊಳ್ಳುವವರು ಗಮನಿಸಬೇಕು.

ಅವರು ಕಂಡುಕೊಂಡ ದಾರಿ ಇದು. ಟೇಪನ್ನು ಓಡಿಸುವುದೇಕೆ, ಹೆಡ್ಡನ್ನೇ ಓಡಿಸೋಣ. ಊರಿನವರೆಲ್ಲ ಗುಡಿಗೆ ನುಗ್ಗುವ ಬದಲು ದೇವರನ್ನೇ ತೇರಿನಲ್ಲಿ ಕೂರಿಸಿ ಬೀದಿ ಸುತ್ತಿಸಿದ ಹಾಗೆ. ಎರಡಿಂಚು ಅಡ್ಡಳತೆಯ ಪುಟ್ಟ ಚಕ್ರ, ಅದರ ಅಂಚಿನಲ್ಲಿ ನಾಲ್ಕು ಹೆಡ್. ಚಕ್ರ ನಿಮಿಷಕ್ಕೆ 14,400 ಸುತ್ತು ತಿರುಗುತ್ತ ಟೇಪಿನ ಅಗಲಕ್ಕೆ ಅಡ್ಡಗೀಟು ಎಳೆಯುತ್ತ ಹೋಗುತ್ತದೆ. ಟೇಪ್ ಮಾತ್ರ ಸೆಕೆಂಡಿಗೆ ಹದಿನೈದಿಂಚು, ಅಂದರೆ ಗಂಟೆಗೆ ಒಂದೂವರೆ ಕಿಲೋಮೀಟರಿಗೂ ಕಡಿಮೆ ವೇಗದಲ್ಲಿ ನಿಧಾನ ಸಾಗುತ್ತಿರುತ್ತದೆ. ಹೆಡ್ಡಾದರೋ ಅದನ್ನು ಗಂಟೆಗೆ ಸುಮಾರು 140 ಕಿಲೋಮೀಟರ್ ವೇಗದಲ್ಲಿ ಸವರುತ್ತಿರುತ್ತದೆ. ಒಂದು ಗಂಟೆಯ ಕಾರ್ಯಕ್ರಮ ಒಬ್ಬ ಮನುಷ್ಯ ಎತ್ತಬಹುದಾದ ಒಂದು ಸುರುಳಿಯಲ್ಲಿ ಕೂತಿತು. ಎತ್ತುವವನ ಸೊಂಟ ಗಟ್ಟಿಯಿರಬೇಕು, ಅಷ್ಟೆ.

1956ರ ಆ ಏಪ್ರಿಲ್ 14, ಷಿಕಾಗೋದಲ್ಲಿ ಪ್ರಸಾರಕರ ಸಮ್ಮೇಳನ. ಸಿಬಿಎಸ್ ಕಂಪನಿಯ ಹಿರಿಯ ಇಂಜಿನಿಯರೊಬ್ಬರು ಭಾಷಣ ಮಾಡಿದರು. ಸಭಿಕರು ಇಂಥ ಭಾಷಣಕ್ಕೆ ಕೊಡಬೇಕಾದಷ್ಟೇ ಗಮನ ಕೊಟ್ಟರು. ಭಾಷಣ ಮುಗಿದ ಮೇಲೆ ಟಿ.ವಿ.ಗಳಲ್ಲಿ ಅದೇ ಭಾಷಣ ಮತ್ತೆ ಶುರುವಾಯಿತು. ಜಗತ್ತಿನಲ್ಲಿ ಒಂದು ಭಾಷಣವನ್ನು ಎರಡನೇ ಸಲ ಕೇಳಬೇಕಾಗಿ ಬಂದದ್ದಕ್ಕೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಬಹುಶಃ ಅದೊಂದೇ ಸಲ. ಯಂತ್ರದ ಬೆಲೆ 50,000 ಡಾಲರಿನ ಆಸುಪಾಸು. ಆದರೂ ನಾಲ್ಕೇ ದಿನದಲ್ಲಿ ಸುಮಾರು 50 ಲಕ್ಷ ಡಾಲರಿನ ಆರ್ಡರ್ ಬಂತು. ಅದೇ ವರ್ಷ ನವೆಂಬರ್ 30ರಂದು ಡಗ್ಲಸ್ ಎಡ್ವರ್ಡ್ಸ್ ನ್ಯೂಯಾರ್ಕಿನಲ್ಲಿ ಓದಿದ ವಾರ್ತೆಯನ್ನು ಹಾಲಿವುಡ್ಡಿನಲ್ಲಿ ಟೇಪಿಗೆ ಹಿಡಿದು ಮೂರು ಗಂಟೆ ತಡವಾಗಿ ಪಶ್ಚಿಮಕ್ಕೆ ಪ್ರಸಾರ ಮಾಡಿದರು. ಎಲ್ಲಾದರೂ ಕೈಕೊಟ್ಟರೆ ಇರಲಿ ಎಂದು ಪಕ್ಕದಲ್ಲಿ ಹಳೇ ಫಿಲ್ಮಿನ ಕಿನೆಸ್ಕೋಪನ್ನೂ ಓಡಿಸುತ್ತಿದ್ದರು.

ಗಿನ್ಸ್‌ಬರ್ಗ್ ತಂಡದಲ್ಲಿ ಇಪ್ಪತ್ತಮೂರರ ಹುಡುಗನೊಬ್ಬನಿದ್ದ, ರೇ ಡಾಲ್ಬಿ. ಹೈಸ್ಕೂಲಿನಲ್ಲಿದ್ದಾಗಲೇ ಆಂಪೆಕ್ಸ್ ಸೇರಿದವನು. ನಾವು ಥಿಯೇಟರಿನಲ್ಲಿ ಸಿನಿಮಾ ಶುರುವಾಗುವ ಮೊದಲು ಹೆಸರು ಓದುತ್ತೇವಲ್ಲ, ಅದೇ ಡಾಲ್ಬಿ. 1963ರಿಂದ ಎರಡು ವರ್ಷ ವಿಶ್ವಸಂಸ್ಥೆಯ ಕಡೆಯಿಂದ ಸಲಹೆಗಾರರಾಗಿ ನಮ್ಮ ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಟೇಪಿನ ಹಿನ್ನೆಲೆಯ ‘ಹಿಸ್’ ಸದ್ದನ್ನು ಅಡಗಿಸುವ ಉಪಾಯ ಅವರಿಗೆ ಹೊಳೆದದ್ದು ಭಾರತದಲ್ಲಿದ್ದಾಗ. ಇಷ್ಟು ಗದ್ದಲದ ದೇಶಕ್ಕೆ ಬಂದು ಸದ್ದು ಕಡಿಮೆ ಮಾಡುವ ಯೋಚನೆ ಹೊಳೆಯದಿದ್ದರೇ ಆಶ್ಚರ್ಯ.

ಈ ಯಂತ್ರ ಚಾಲೂ ಆಗುವುದನ್ನು ನೋಡುವುದೇ ಒಂದು ಸೊಗಸು. ಹಳೆಯದನ್ನು ರಿಪೇರಿ ಮಾಡಿಕೊಂಡವರ ವಿಡಿಯೋಗಳನ್ನು ನಾನು ಊಟದ ಹೊತ್ತು ಮೀರಿ ನೋಡುವುದುಂಟು. ಮನೆಯಲ್ಲಿ ಇದನ್ನು ಒಂದು ಕಾಯಿಲೆ ಎಂದೇ ತಿಳಿದಿದ್ದಾರೆ. ಎಡಗಡೆಯ ಸುರುಳಿಯಿಂದ ಟೇಪಿನ ತುದಿಯನ್ನು ಎಳೆದು, ಹೆಡ್ಡಿನ ಮುಂದೆ ಹಾಯಿಸಿ, ಬಲಗಡೆಯ ಖಾಲಿ ಸ್ಪೂಲಿಗೆ ಎರಡು ಸುತ್ತು ಸುತ್ತುತ್ತಾರೆ. ನಿರ್ವಾತ ಪಂಪು ಟೇಪನ್ನು ದೊನ್ನೆಯಾಕಾರಕ್ಕೆ ಹೀರಿ ಬಾಗಿಸಿ ಹಿಡಿಯುತ್ತದೆ. ಗುಂಡಿ ಒತ್ತಿದರೆ ಹೆಡ್ ಚಕ್ರ ಮೊದಲು ಗುರುಗುಟ್ಟಿ, ಏರುತ್ತಾ ಏರುತ್ತಾ ಒಂದು ಸ್ವರದಲ್ಲಿ ನಿಲ್ಲುತ್ತದೆ. ನಮ್ಮಲ್ಲಿಯಂತೆ ಐವತ್ತು ಹರ್ಟ್ಸ್ ವಿದ್ಯುತ್ತಿನ ದೇಶಗಳಲ್ಲಿ ಅದು ಸೆಕೆಂಡಿಗೆ 250 ಸುತ್ತು. ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಒಂದಕ್ಕಿಂತ ಸುಮಾರು ಅರ್ಧ ಸ್ವರ ಕೆಳಗೆ. ಪರದೆಯ ಮೇಲೆ ಚಿತ್ರ ಹರಿದುಹರಿದು, ನಡುಗಿ, ಕೊನೆಗೆ ಒಮ್ಮೆಲೇ ಗಟ್ಟಿಯಾಗಿ ಕೂರುತ್ತದೆ. ಇದಕ್ಕೆ ಕೆಲವು ಸೆಕೆಂಡು ಬೇಕಾದ್ದರಿಂದಲೇ ಪ್ರಸಾರಕ್ಕೆ ಹತ್ತು ಸೆಕೆಂಡು ಮೊದಲೇ ಟೇಪ್ ಓಡಿಸುತ್ತಿದ್ದರು. ತಡಮಾಡಲೆಂದೇ ಹುಟ್ಟಿದ ಯಂತ್ರವನ್ನು ಮುಂಚಿತವಾಗಿ ಎಬ್ಬಿಸಬೇಕಿತ್ತು.

ಅದರ ಸಿಟ್ಟುಸೆಡವೂ ರಾಜಗಾಂಭೀರ್ಯದ್ದೇ. ಟೇಪನ್ನು ಹಿಡಿದ ಗೈಡ್ ಕೂದಲೆಳೆಯಷ್ಟು ಆಚೀಚೆಯಾದರೆ ಚಿತ್ರದಲ್ಲಿ ನೆಟ್ಟಗೆ ನಿಂತ ಬಾಗಿಲ ಚೌಕಟ್ಟು ಗರಗಸದ ಹಲ್ಲಾಗುತ್ತಿತ್ತು. ನಾಲ್ಕು ಹೆಡ್‌ಗಳಲ್ಲಿ ಒಂದು ಸವೆದರೆ ಹಾಡುಗಾರ್ತಿಯ ಕೆನ್ನೆಯ ಮೇಲೆ ಅಡ್ಡಡ್ಡ ಪಟ್ಟೆ, ಒಂದು ಗುಲಾಬಿ, ಕೆಳಗಿನದು ಅರಿಶಿನ. ಮೊದಮೊದಲಂತೂ ಒಂದು ಹೆಡ್ಡಿನಲ್ಲಿ ರೆಕಾರ್ಡ್ ಆದದ್ದು ಇನ್ನೊಂದರಲ್ಲಿ ಸರಿಯಾಗಿ ಓಡುತ್ತಲೇ ಇರಲಿಲ್ಲ. ಟೇಪನ್ನು ಜೋಪಾನ ಮಾಡಬೇಕಾದರೆ ಜೊತೆಗೆ ಆ ಹೆಡ್ಡನ್ನೂ ಎತ್ತಿಡಬೇಕು. ಇಂಥ ಯಂತ್ರದ ಪಕ್ಕ ಸದಾ ಒಬ್ಬ ಇಂಜಿನಿಯರ್ ಕೂತು, ಕಿವಿಗೊಟ್ಟು, ಗುಬಟುಗಳನ್ನು ನವಿರಾಗಿ ತಿರುವುತ್ತಿರಬೇಕಿತ್ತು. ಎಲ್ಲ ಕೆಲಸವನ್ನೂ ತಾನೇ ಮಾಡಿ ಮನುಷ್ಯನನ್ನು ಮೂಲೆಗೆ ಕೂರಿಸುವ ಈಗಿನ ಉಪಕರಣಗಳಿಗಿಂತ ಇದೇ ಮೇಲು ಎನ್ನುವ ಹಟಮಾರಿಗಳಲ್ಲಿ ನಾನೂ ಒಬ್ಬ.

ಎಡಿಟಿಂಗ್ ಎಂದರೆ ಬ್ಲೇಡು. ಟೇಪಿನ ಮೇಲೆ ನುಣ್ಣನೆ ಕಬ್ಬಿಣದ ಪುಡಿ ಕಲಸಿದ ದ್ರವ ಸವರಿದರೆ ಕಣ್ಣಿಗೆ ಕಾಣದ ಅಡ್ಡಗೀಟುಗಳು ಮೂಡುತ್ತಿದ್ದವು. ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಎರಡು ಗೀಟುಗಳ ನಡುವೆ ಸರಿಯಾಗಿ ಕತ್ತರಿಸಿ, ತೆಳು ಲೋಹದ ಪಟ್ಟಿ ಅಂಟಿಸಬೇಕು. ಇಷ್ಟಕ್ಕೇ ಮುಗಿಯಲಿಲ್ಲ. ಧ್ವನಿಯ ಹೆಡ್ ಇರುವುದು ಚಿತ್ರದ ಹೆಡ್ಡಿನಿಂದ ಒಂಬತ್ತಿಂಚು ಆಚೆ. ಹಾಗಾಗಿ ಚಿತ್ರ ಕತ್ತರಿಸಿದಲ್ಲಿ ಮಾತು ಅರ್ಧ ಸೆಕೆಂಡಿನಷ್ಟು ತಪ್ಪಿಹೋಗುತ್ತಿತ್ತು. ಅಂಟು ಒರಟಾದರೆ ಆ ವೇಗದಲ್ಲಿ ತಿರುಗುವ ಹೆಡ್ಡಿನ ಗತಿ ಏನು ಎಂದು ಊಹಿಸಿಕೊಳ್ಳಿ. 1976ರಲ್ಲಿ ಬಂದ ಒಂದಿಂಚಿನ ‘ಸಿ’ ಮಾದರಿಯ ಯಂತ್ರಗಳು ಈ ರಗಳೆಯಿಲ್ಲದ, ಚಿತ್ರವನ್ನು ನಿಲ್ಲಿಸಿಯೂ ತೋರಿಸಬಲ್ಲ ಸಭ್ಯಸ್ಥರು. ಸಭ್ಯಸ್ಥರ ಬಗ್ಗೆ ಪ್ರಬಂಧ ಬರೆಯುವುದು ಕಷ್ಟ.

ಇನ್ನು ನೋವಿನ ಮಾತು. ಒಂದು ಗಂಟೆಯ ಟೇಪಿಗೆ ಆಗಿನ ಕಾಲಕ್ಕೆ ಸುಮಾರು 300 ಡಾಲರ್. ಅದರ ದೊಡ್ಡ ಗುಣವೇ ಅಳಿಸಿ ಮತ್ತೆ ಬಳಸಬಹುದು ಎನ್ನುವುದು. ತಡಮಾಡುವ ಕೆಲಸ ಮುಗಿದ ಮೇಲೆ ಟೇಪಿನಲ್ಲಿದ್ದುದಕ್ಕೆ ಬೆಲೆಯೇನು? ಅಳಿಸಿದರು. ಅಮೆರಿಕದ ನಿರೂಪಕ ಜಾನಿ ಕಾರ್ಸನ್ನರ ‘ಟುನೈಟ್ ಷೋ’ದ ಮೊದಲ ಹತ್ತು ವರ್ಷ ಹೆಚ್ಚುಪಾಲು ಹೋಯಿತು. ಅಮೆರಿಕನ್ ಫುಟ್‌ಬಾಲಿನ 1967ರ ಮೊದಲ ಸೂಪರ್ ಬೌಲ್ ಪಂದ್ಯವನ್ನು ಎರಡು ಕಂಪನಿಗಳು ಪ್ರಸಾರ ಮಾಡಿದ್ದವು, ಎರಡೂ ಅಳಿಸಿದವು. ಬಿಬಿಸಿಯ ‘ನಾಟ್ ಓನ್ಲಿ ಬಟ್ ಆಲ್ಸೋ’ದ ನಟ ಪೀಟರ್ ಕುಕ್ ಹಣ ಕೊಟ್ಟು ತನ್ನ ಕಾರ್ಯಕ್ರಮದ ಟೇಪುಗಳನ್ನು ಉಳಿಸಿಕೊಳ್ಳಲು ಮುಂದಾದರೂ ಕೊಡಲಿಲ್ಲ, ಅಳಿಸಿದರು. ‘ಡಾಕ್ಟರ್ ಹೂ’ ಧಾರಾವಾಹಿಯ ತೊಂಬತ್ತಕ್ಕೂ ಹೆಚ್ಚು ಕಂತುಗಳು ಇಂದಿಗೂ ನಾಪತ್ತೆ. ಅರವತ್ತರ ದಶಕದ ಉಳಿದ ಕಂತುಗಳು ಉಳಿದದ್ದಾದರೂ ಹೇಗೆ? ವಿದೇಶಗಳಿಗೆ ಮಾರಲೆಂದು ಪರದೆಯ ಮುಂದೆ ಕ್ಯಾಮೆರಾ ಇಟ್ಟು ತೆಗೆದ ಫಿಲ್ಮುಗಳಿಂದ. ಯಾವ ಮಂಜುಮಂಜು ಉಪಾಯವನ್ನು ಹೊರದಬ್ಬಲು ಟೇಪ್ ಬಂತೋ, ಅದೇ ಉಪಾಯ ಕೊನೆಗೆ ಮಾನ ಕಾಪಾಡಿತು.

ನಮ್ಮಲ್ಲೂ ಬೇರೆ ಕಥೆಯಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ‘ಸೈಟ್’ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ದೇಶದ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂತು. ಗುಲ್ಬರ್ಗ, ರಾಯಚೂರು, ಬಿಜಾಪುರದ ಕಡೆಯ ಹಳ್ಳಿಗರು ಶಾಲೆಯ ಅಂಗಳದಲ್ಲಿ ಕೂತು ಕನ್ನಡದಲ್ಲಿ ಬೇಸಾಯದ, ಆರೋಗ್ಯದ ಕಾರ್ಯಕ್ರಮ ನೋಡಿದರು. ಬೆಂಗಳೂರಿನ ಮಧ್ಯಮ ವರ್ಗಕ್ಕಿಂತ ಮೊದಲೇ ಗುಲ್ಬರ್ಗದ ರೈತ ಟಿ.ವಿ. ನೋಡಿದ್ದ ಎಂಬುದನ್ನು ನಾವು ಬೆಂಗಳೂರಿನವರು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಆದರೆ ದೂರದರ್ಶನದ ಆರಂಭದ ಕಾಲದ ಎಷ್ಟೋ ಕಾರ್ಯಕ್ರಮಗಳು ಈಗ ಸಿಗುವುದಿಲ್ಲ. ಟೇಪ್ ದುಬಾರಿ, ವಿದೇಶದಿಂದ ತರಿಸಬೇಕು. ಹಳೆಯದರ ಮೇಲೇ ಹೊಸದನ್ನು ಹಿಡಿದರು. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ, ಹೊಟ್ಟೆ ಮಾತ್ರ ಉರಿಯುತ್ತದೆ.

ಉಳಿದವಕ್ಕೂ ಓಡಿಸುವ ಯಂತ್ರ ಬೇಕಲ್ಲ. 1958ರಲ್ಲಿ ಬಣ್ಣದಲ್ಲಿ ರೆಕಾರ್ಡಾದ ಫ್ರೆಡ್ ಅಸ್ಟೇರ್‌ರ ನೃತ್ಯ ಕಾರ್ಯಕ್ರಮವನ್ನು ಮೂವತ್ತು ವರ್ಷದ ಮೇಲೆ ಮತ್ತೆ ಎಬ್ಬಿಸಲು ಹೊರಟವರಿಗೆ ಆ ಕಾಲದ ಬಣ್ಣದ ಪದ್ಧತಿಯನ್ನು ಓದುವ ಯಂತ್ರ ಸಿಗಲಿಲ್ಲ. ಇದ್ದುದನ್ನೇ ಬಿಚ್ಚಿ ಮಾರ್ಪಡಿಸಿಕೊಂಡು ಓಡಿಸಿದರು, ಆ ಕೆಲಸಕ್ಕೆ ಎಮ್ಮಿ ಪ್ರಶಸ್ತಿಯೂ ಬಂತು. ಸೂಪರ್ ಬೌಲ್ ಕೂಡ ಹೆಚ್ಚುಕಡಿಮೆ ಪೂರ್ತಿಯಾಗಿ ಸಿಕ್ಕಿತು, ಪೆನ್ಸಿಲ್ವೇನಿಯಾದ ಒಂದು ಮನೆಯ ಅಟ್ಟದಲ್ಲಿ, ಎರಡಿಂಚಿನ ಟೇಪಿನಲ್ಲಿ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಕಾಲೇಜಿನ ಉಗ್ರಾಣದಲ್ಲೋ, ನಿವೃತ್ತರಾದ ಸೋದರಮಾವನ ಅಟ್ಟದಲ್ಲೋ ಅಗಲ ಟೇಪಿನ ಸುರುಳಿ ಕಂಡರೆ ಗುಜರಿಯವನನ್ನು ಕರೆಯಬೇಡಿ. ಪೆಟ್ಟಿಗೆಯ ಮೇಲಿನ ಚೀಟಿ ಓದಿ ಬರೆದಿಟ್ಟುಕೊಳ್ಳಿ, ಚೀಟಿಯನ್ನು ಕೀಳಬೇಡಿ. ಸುರುಳಿಯನ್ನು ಮಲಗಿಸದೆ ನಿಲ್ಲಿಸಿ, ತಂಪಾದ ಒಣ ಜಾಗದಲ್ಲಿಡಿ. ಸ್ಪೀಕರಿನ ಪಕ್ಕ ಬೇಡ, ಅದರಲ್ಲಿ ಅಯಸ್ಕಾಂತವಿದೆ. ಕುತೂಹಲಕ್ಕೆ ಯಾವುದೋ ಯಂತ್ರಕ್ಕೆ ಹಾಕಿ ತಿರುಗಿಸಲೂ ಹೋಗಬೇಡಿ. ಹಳೇ ಟೇಪುಗಳಲ್ಲಿ ಕೆಲವು ಅಂಟಂಟಾಗಿರುತ್ತವೆ, ಹಾಗೇ ಓಡಿಸಿದರೆ ಚಿತ್ರವೆಲ್ಲ ಪುಡಿಯಾಗಿ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಬಲ್ಲವರು ಅವನ್ನು ಸುಮಾರು ಐವತ್ತು ಡಿಗ್ರಿ ಕಾವಿನಲ್ಲಿ ಗಂಟೆಗಟ್ಟಲೆ ಒಣಗಿಸಿ ಆಮೇಲೆ ಓಡಿಸುತ್ತಾರೆ. ಆ ಕೆಲಸವನ್ನು ಅವರಿಗೇ ಬಿಡಿ, ಅಡುಗೆಮನೆಯ ಒವನ್ನಿನಲ್ಲಿ ಪ್ರಯತ್ನಿಸಬೇಡಿ.