ಮೀನರಾಶಿಗೆ ಭಾನುವಾರದ ಗಂಡಾಂತರ

ಮನೆಯಲ್ಲಿ ಸಾಕಿದ ಮೀನುಗಳಿಗೆ ಜಾತಕ ಬರೆಯುವವರಿದ್ದರೆ, ಶನಿಕಾಟಕ್ಕಿಂತ ಭಾನುವಾರದ ಕಾಟವನ್ನೇ ದಪ್ಪಕ್ಷರದಲ್ಲಿ ಬರೆಯಬೇಕಾದೀತು. ವಾರವಿಡೀ ಟ್ಯಾಂಕಿನ ಕಡೆ ತಿರುಗಿಯೂ ನೋಡದ ಯಜಮಾನರು ಅಂದು ತಿಂಡಿ ಮುಗಿಸಿ, ಪಂಚೆ ಎತ್ತಿ ಕಟ್ಟಿ, ಎರಡು ಬಕೆಟ್ಟು, ಒಂದು ಪೈಪು, ಒಂದು ಹಳೇ ಟೂತ್ ಬ್ರಷ್ಷು ಹಿಡಿದು ಕಾರ್ಯಾಚರಣೆಗೆ ಇಳಿಯುತ್ತಾರೆ. ಮೀನುಗಳೆಲ್ಲ ಬಲೆಯೇರಿ ಬಕೆಟ್ಟಿಗೆ ಗಡಿಪಾರಾಗುತ್ತವೆ. ಪೈಪಿನ ತುದಿ ಬಾಯಿಗಿಟ್ಟು ನೀರು ಎಳೆಯುವಾಗ ಒಂದು ಗುಟುಕು ಒಳಗೇ ಹೋಗುತ್ತದೆ; ಟ್ಯಾಂಕು ನಿಜವಾಗಿ ಗಲೀಜಾಗಿದೆಯೇ ಎಂಬ ಅನುಮಾನ ಅಲ್ಲಿಗೆ ಪರಿಹಾರವಾಗುತ್ತದೆ. ಜಲ್ಲಿಯನ್ನು ಏಳೆಂಟು ನೀರಿನಲ್ಲಿ ತೊಳೆದು, ಗಾಜು ತಿಕ್ಕಿ, ಪ್ಲಾಸ್ಟಿಕ್ ಗಿಡಕ್ಕೆ ಸೋಪು ಹಚ್ಚಿ, ಕೊನೆಗೆ ಫಿಲ್ಟರಿನ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿದು, ಕಂದು ನೀರು ನಿಂತು ತಿಳಿನೀರು ಬರುವ ತನಕ ಹಿಂಡುತ್ತಾರೆ. ಊಟದ ಹೊತ್ತಿಗೆ ಟ್ಯಾಂಕು ಫಳಫಳ ಹೊಳೆಯುತ್ತದೆ. ಬುಧವಾರದ ಹೊತ್ತಿಗೆ ಎರಡು ಮೀನು ಹೊಟ್ಟೆ ಮೇಲಾಗಿ ತೇಲುತ್ತವೆ.

ಆಮೇಲೆ ವಿಚಾರಣೆ. ಅಜ್ಜಿ ದೃಷ್ಟಿಯಾಗಿದೆ ಎನ್ನುತ್ತಾರೆ. ಅಂಗಡಿಯವನು ಒಂದು ನೀಲಿ ಔಷಧಿ ಕೊಡುತ್ತಾನೆ. ವಾಸ್ತು ಬಲ್ಲ ನೆಂಟರೊಬ್ಬರು ಟ್ಯಾಂಕನ್ನು ಈಶಾನ್ಯಕ್ಕೆ ಸರಿಸಿ ಎಂದು ಹೇಳಿದ ಬಾಯಲ್ಲೇ, ಎಂಟು ಹೊಂಬಣ್ಣದ ಮೀನಿನ ಜೊತೆ ಒಂದು ಕಪ್ಪು ಮೀನಿದ್ದರೆ ಮನೆಗೆ ಬರುವ ಕೇಡನ್ನೆಲ್ಲ ಅದೇ ಹೊತ್ತುಕೊಳ್ಳುತ್ತದೆ ಎಂಬ ಚೀನಾದ ಶಾಸ್ತ್ರವನ್ನೂ ಸೇರಿಸುತ್ತಾರೆ. ಕಪ್ಪು ಮೀನಿಗೆ ಬರುವ ಕೇಡನ್ನು ಯಾರು ಹೊರಬೇಕು ಎಂದು ಕೇಳಿದರೆ ಅವರಿಗೆ ಸಿಟ್ಟು ಬರುತ್ತದೆ. ಅಷ್ಟೂ ಜನರಲ್ಲಿ ಒಬ್ಬರೂ ಆ ಸ್ಪಾಂಜಿನ ಕಡೆ ಬೆರಳು ತೋರಿಸುವುದಿಲ್ಲ.

ಮೀನು ತನ್ನ ಕಿವಿರುಗಳ ಮೂಲಕ ಹಗಲೂ ರಾತ್ರಿ ಅಮೋನಿಯಾ ಹೊರಹಾಕುತ್ತದೆ. ತಿನ್ನದೆ ಉಳಿದ ಕಾಳು, ಕೊಳೆತ ಎಲೆ ಎಲ್ಲವೂ ಕೊನೆಗೆ ಅದೇ ಖಾತೆಗೆ ಜಮಾ. ಅಮೋನಿಯಾ ವಿಷ, ಮತ್ತು ಕಣ್ಣಿಗೆ ಕಾಣದ ವಿಷ. ಕನ್ನಡಿಯಂಥ ನೀರಿನಲ್ಲಿ ಮೀನು ಸಾಯುವುದು ಹೀಗೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅದನ್ನು ಮೀನು ಒಂದು ಮಟ್ಟದ ತನಕ ಸಹಿಸಿಕೊಳ್ಳುತ್ತದೆ, ಗಿಡ ಗೊಬ್ಬರವೆಂದು ಎಳೆದುಕೊಳ್ಳುತ್ತದೆ. ಈ ಎರಡೂ ಪಂಗಡದವರ ವಾಸ ಹೆಚ್ಚಾಗಿ ಜಲ್ಲಿ, ಗಾಜು, ಸ್ಪಾಂಜುಗಳ ಮೈಮೇಲೆ. ಯಜಮಾನರು ಕೊಳೆಯೆಂದು ಹಿಂಡಿ ಚರಂಡಿಗೆ ಬಿಟ್ಟದ್ದು ಇವರನ್ನೇ. ಹಿಂಡಿದ ಮೇಲೂ ಉಳಿದವರನ್ನು ನಲ್ಲಿನೀರಿನ ಕ್ಲೋರಿನ್ ನೋಡಿಕೊಳ್ಳುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಸಂಸಾರ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ವಾರ ವಾರ ಒಕ್ಕಲೆಬ್ಬಿಸಿದರೆ ಊರುವುದು ಯಾವಾಗ? ಸ್ಪಾಂಜು ಪೂರ್ತಿ ಕಟ್ಟಿಕೊಂಡಾಗ ಟ್ಯಾಂಕಿನಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಎರಡು ಸಲ ಅದ್ದಿ ಎತ್ತಿದರೆ ಕೆಲಸ ಮುಗಿಯಿತು. ಅದು ಬೆಳ್ಳಗಾಗಬೇಕಾದ ವಸ್ತುವೇ ಅಲ್ಲ.

ಸೋಮಾರಿಗಳ ಪರವಾಗಿ ಮೊದಲು ಸಾಕ್ಷ್ಯ ಒದಗಿಸಿದವರು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್. 1841ರಲ್ಲಿ ಅಲ್ಲಿನ ಕೆಮಿಕಲ್ ಸೊಸೈಟಿಯನ್ನು ಹುಟ್ಟುಹಾಕಲು ಓಡಾಡಿದವರು ಇವರೇ. ಗಾಜಿನ ತೊಟ್ಟಿಯೊಂದಕ್ಕೆ ಎರಡು ಗೋಲ್ಡ್ ಫಿಶ್ ಬಿಟ್ಟು, ವ್ಯಾಲಿಸ್ನೇರಿಯಾ ಎಂಬ ರಿಬ್ಬನ್ನಿನಂಥ ನೀರುಗಿಡ ನೆಟ್ಟರು. ಗಿಡದ ಹಳೇ ಎಲೆ ಕೊಳೆತು ನೀರು ಕದಡತೊಡಗಿತು. ಇನ್ನೊಬ್ಬರಾಗಿದ್ದರೆ ಬಕೆಟ್ಟು ತರುತ್ತಿದ್ದರು. ಇವರು ಕೆರೆಯ ಬಸವನಹುಳುಗಳನ್ನು ತಂದು ಬಿಟ್ಟರು. ಹುಳು ಕೊಳೆತದ್ದನ್ನು ತಿಂದವು, ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು, ನೀರು ತಿಳಿಯಾಯಿತು. 1850ರಲ್ಲಿ ಇದನ್ನು ಸೊಸೈಟಿಯ ಮುಂದೆ ವರದಿ ಮಾಡಿದರು. ಬ್ಯಾಕ್ಟೀರಿಯಾಗಳ ಪಾಲು ಅವರಿಗೆ ಗೊತ್ತಿರಲಿಲ್ಲ. ಸೊಗಸೆಂದರೆ ಅಪ್ಪನ ತೊಟ್ಟಿಯಲ್ಲಿ ಬಾಕಿ ಉಳಿದ ಲೆಕ್ಕದ ಬೆನ್ನು ಹತ್ತಿದವರಲ್ಲಿ ಮಗನೂ ಒಬ್ಬರು. ಅದೇ ಹೆಸರಿನ ಕಿರಿಯ ವಾರಿಂಗ್ಟನ್ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕುಳಿತು, ಅಮೋನಿಯಾ ನೈಟ್ರೇಟ್ ಆಗುವುದು ಎರಡು ಹಂತಗಳಲ್ಲಿ, ಎರಡು ಬೇರೆ ಬೇರೆ ಜೀವಿಗಳಿಂದ ಎಂದು ತೋರಿಸಿದರು. ಆ ಜೀವಿಗಳನ್ನು ಹಿಡಿದು ಬೇರ್ಪಡಿಸುವುದು ಮಾತ್ರ ಅವರಿಂದಾಗದೆ, 1890ರಲ್ಲಿ ರಷ್ಯಾದ ಸೆರ್ಗೇಯ್ ವಿನೊಗ್ರಾಡ್ಸ್ಕಿ ಅವರ ಪಾಲಾಯಿತು.

ನಮ್ಮ ಕಾಲದಲ್ಲಿ ಈ ಪಂಥದ ಗುರುವೆಂದರೆ ಅಮೆರಿಕದ ಡಯಾನಾ ವಾಲ್‌ಸ್ಟಾಡ್. 1999ರಲ್ಲಿ ಅವರು ಬರೆದ 'ಇಕಾಲಜಿ ಆಫ್ ದ ಪ್ಲಾಂಟೆಡ್ ಅಕ್ವೇರಿಯಂ' ಪುಸ್ತಕದ ವಿಧಾನ ಸರಳ: ತಳಕ್ಕೆ ಒಂದಂಗುಲ ಹೂಕುಂಡದ ಮಣ್ಣು, ಮೇಲೆ ಸುಮಾರು ಅಷ್ಟೇ ಜಲ್ಲಿ, ಮೊದಲ ದಿನವೇ ಒತ್ತೊತ್ತಾಗಿ ಗಿಡ, ಒಂದಿಷ್ಟು ಕಿಟಕಿಯ ಬೆಳಕು, ಆಮೇಲೆ ಸುಮ್ಮನಿರುವುದು. ಬಹಳಷ್ಟು ನೀರುಗಿಡಗಳಿಗೆ ನೈಟ್ರೇಟಿಗಿಂತ ಅಮೋನಿಯಂ ರೂಪದ ಸಾರಜನಕವೇ ಇಷ್ಟವೆಂದು ಅವರು ಎತ್ತಿ ತೋರಿಸಿದರು. ಅಂದರೆ ಗಿಡವೂ ಒಂದು ಫಿಲ್ಟರೇ, ಕರೆಂಟು ಹೋದರೂ ಸಂಪು ಹೂಡದ ಫಿಲ್ಟರು. ಇದಕ್ಕೆ ಎದುರು ದಿಕ್ಕಿನಲ್ಲಿ ನಿಂತವರು ಜಪಾನಿನ ತಕಾಶಿ ಅಮಾನೊ. ಸೈಕಲ್ ರೇಸುಗಾರರಾಗಿದ್ದು ಜಲೋದ್ಯಾನಕ್ಕೆ ಬಂದ ಅಮಾನೊ 2015ರಲ್ಲಿ ಲಿಸ್ಬನ್ನಿನ ಓಷನೇರಿಯಂನಲ್ಲಿ 40 ಮೀಟರ್ ಉದ್ದದ ನೀರೊಳಗಿನ ಕಾಡನ್ನೇ ಕಟ್ಟಿಕೊಟ್ಟರು. ನೋಡಲು ಎರಡು ಕಣ್ಣು ಸಾಲದು. ಆದರೆ ಕತ್ತರಿ ಕೆಳಗಿಡಲು ಬಿಡುವಿಲ್ಲದ ಆ ಕಲೆ ಸಿಬ್ಬಂದಿ ಇರುವವರಿಗೆ ಸರಿ.

ಬೆಂಗಳೂರಿನಂಥ ಊರಲ್ಲಿ ವಾಲ್‌ಸ್ಟಾಡ್ ದಾರಿ ಹಿಡಿಯಲು ಹೆಚ್ಚು ಖರ್ಚಿಲ್ಲ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಮೀನಂಗಡಿಗಳಲ್ಲಿ ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ಕಟ್ಟು ಲೆಕ್ಕದಲ್ಲಿ ಸಿಗುತ್ತವೆ. ಅದೂ ಬೇಡವೆಂದರೆ ಬಾಲ್ಕನಿಯ ಮನಿ ಪ್ಲಾಂಟಿನ ಒಂದು ಕುಡಿ ಮುರಿದು, ಬೇರು ನೀರಿನೊಳಗೆ, ಎಲೆ ಹೊರಗೆ ಇರುವಂತೆ ಸಿಕ್ಕಿಸಿದರಾಯಿತು. ನೈಟ್ರೇಟನ್ನು ಎಳೆದುಕೊಂಡು ಪರದೆಯ ಕಂಬಿಯ ತನಕ ಹಬ್ಬುತ್ತದೆ. ಮನೆಗೆ ದುಡ್ಡು ತಂದೀತೋ ಇಲ್ಲವೋ, ಮೀನಿಗೆ ಉಪಕಾರವಂತೂ ಆಗುತ್ತದೆ.

ಗಿಡದ ಜೊತೆ ಕರೆಯದೇ ಬರುವ ಅತಿಥಿ ಬಸವನಹುಳು. ಇದನ್ನು ಕಂಡೊಡನೆ ಕಿರುಚುವವರು ಒಮ್ಮೆ ಗಾಜಿಗೆ ಮೂಗು ತಾಗಿಸಿ ನೋಡಬೇಕು. ಪಾಚಿ ಹಿಡಿದ ಗಾಜಿನ ಮೇಲೆ ಅದು ಹರಿಯುವಾಗ ಹೊಟ್ಟೆಯ ಕಡೆಯಿಂದ ಪುಟ್ಟ ಬಾಯಿ ತೆರೆದು ಮುಚ್ಚುವುದು ಕಾಣುತ್ತದೆ. ಒಳಗಿಂದ ಅರದಂಥ ನಾಲಿಗೆಯೊಂದು ಹೊರಬಂದು ಗಾಜನ್ನು ಒಮ್ಮೆ ಕೆರೆದು ಒಳಗೆ ಹೋಗುತ್ತದೆ, ತಲೆ ಕೊಂಚ ಓರೆಯಾಗುತ್ತದೆ, ಮತ್ತೆ ಕೆರೆತ. ಹಿಂದೆ ಅಂಕುಡೊಂಕಾದ ಸ್ವಚ್ಛ ಗೆರೆ ಉಳಿಯುತ್ತದೆ. ಯಜಮಾನರ ಟೂತ್ ಬ್ರಷ್ಷಿಗೆ ಈ ನಯವಿಲ್ಲ. ಹುಳುಗಳು ಲೆಕ್ಕ ಮೀರಿ ಹೆಚ್ಚಿದರೆ ಮನೆಯಲ್ಲಿ ಯಾರೋ ಮೀನಿಗೆ ಧಾರಾಳವಾಗಿ ಕಾಳು ಹಾಕುತ್ತಿದ್ದಾರೆಂದೇ ಅರ್ಥ.

ಕ್ಲೀನರ್ ಎಂದು ಅಂಗಡಿಯವರು ದಾಟಿಸುವ ಸಕ್ಕರ್ ಮೀನಿನ ಕಥೆ ಬೇರೆ. ದಕ್ಷಿಣ ಅಮೆರಿಕದ ಈ ಪ್ರಾಣಿ ಬೆರಳುದ್ದವಿದ್ದಾಗ ಮುದ್ದಾಗಿ ಗಾಜು ನೆಕ್ಕುತ್ತದೆ. ಬೆಳೆದರೆ ಒಂದಡಿ ದಾಟುತ್ತದೆ, ನೆಕ್ಕಿದ್ದಕ್ಕಿಂತ ಹೆಚ್ಚು ಹೊಲಸು ಮಾಡುತ್ತದೆ. ಸಾಕಲಾರದವರು ಕೆರೆಗೆ ಬಿಟ್ಟು ಬಿಟ್ಟು ಈಗ ಅದು ದಕ್ಷಿಣ ಭಾರತದ ಕೆರೆ, ಹೊಳೆಗಳಲ್ಲಿ ಮನೆ ಮಾಡಿಕೊಂಡು ಮೀನುಗಾರರ ಬಲೆ ಹರಿಯುತ್ತಿದೆ.

ಆಹಾರದ ವಿಷಯದಲ್ಲೂ ಪ್ರೀತಿಯೇ ಶತ್ರು. ಗೋಲ್ಡ್ ಫಿಶ್ಶಿಗೆ ಜಠರವೇ ಇಲ್ಲ. ತಿಂದದ್ದು ನೇರ ಕರುಳಿಗೆ. ಹಾಗಾಗಿ ಅದು ಯಾವಾಗ ನೋಡಿದರೂ ಊಟ ಕಾಣದವರ ಹಾಗೆ ಬಾಯಿ ಬಿಡುತ್ತದೆ, ನೋಡಿದವರೆಲ್ಲ ಕರಗಿ ಒಂದೊಂದು ಚಿಟಿಕೆ ಹಾಕುತ್ತಾರೆ. ಊರಿಗೆ ಹೊರಟಾಗ ಪಕ್ಕದ ಮನೆ ಹುಡುಗನ ಕೈಗೆ ಡಬ್ಬ ಕೊಡುವುದಂತೂ ಬೇಡವೇ ಬೇಡ. ಆರೋಗ್ಯವಾಗಿರುವ ದೊಡ್ಡ ಮೀನು ಎರಡು ಮೂರು ದಿನದ ಉಪವಾಸವನ್ನು ಆರಾಮವಾಗಿ ತಡೆಯುತ್ತದೆ. ಹುಡುಗನ ಔದಾರ್ಯವನ್ನು ತಡೆಯಲಾರದು.

ಹಾಗೆಂದು ಟ್ಯಾಂಕು ಇಟ್ಟು ಮರೆತುಬಿಡುವುದಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕು ಸುಮಾರು 56 ಲೀಟರ್ ಹಿಡಿಸುತ್ತದೆ. ಅದರಲ್ಲಿ ಏಳೆಂಟು ಸಣ್ಣ ಮೀನಿದ್ದರೆ ಮಾತ್ರ ಯಜಮಾನರು ಕಾಲು ಚಾಚಬಹುದು. ಮೇಜಿನ ಮೇಲಿನ ಗುಂಡು ಬುರುಡೆಯಲ್ಲಿ ಈ ವೈಭವ ನಡೆಯದು. ಆವಿಯಾದಷ್ಟು ನೀರು ತುಂಬಬೇಕು, ಆಗೀಗ ಒಂದೆರಡು ಬಕೆಟ್ ಬದಲಿಸಬೇಕು, ನಲ್ಲಿನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಬಾಯಿ ತೆರೆದಿಡಬೇಕು. ಸುಮಾರು ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ ಮೇಲೇರಿ ಬರುವ ಕಾವೇರಿಯನ್ನು ಕಾರು ತೊಳೆಯಲು, ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಸಾರಿದ್ದು ನೆನಪಿರಬಹುದು. ಟ್ಯಾಂಕಿನಿಂದ ತೆಗೆದ ನೈಟ್ರೇಟು ತುಂಬಿದ ಹಳೇ ನೀರು ಕರಿಬೇವಿನ ಕುಂಡಕ್ಕೆ ಸೊಗಸಾಗಿ ಒಗ್ಗುತ್ತದೆ, ದಂಡವೂ ಇಲ್ಲ.

ಇಷ್ಟು ಸುಖವಾಗಿಟ್ಟರೆ ಮುಂದಿನ ಸಂಕಟ ಗಪ್ಪಿಗಳದ್ದು. ಹೆಣ್ಣು ಗಪ್ಪಿ ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಗಂಡನ್ನು ಬೇರೆ ಮಾಡಿದರೂ ಪ್ರಯೋಜನವಿಲ್ಲ; ಒಮ್ಮೆ ಪಡೆದ ವೀರ್ಯವನ್ನು ತಿಂಗಳುಗಟ್ಟಲೆ ಜೋಪಾನ ಮಾಡಿಟ್ಟುಕೊಂಡು ಹೆರುತ್ತಲೇ ಇರುತ್ತದೆ. ಸೊಳ್ಳೆಮರಿ ತಿನ್ನುವ ಈ ಮೀನನ್ನು ಮಲೇರಿಯಾ ತಡೆಯಲು ಆರೋಗ್ಯ ಇಲಾಖೆ ಹಳ್ಳಿಯ ಬಾವಿ, ತೊಟ್ಟಿಗಳಿಗೆ ಬಿಟ್ಟದ್ದುಂಟು. ಹಾಗೆಂದು ಮನೆಯವರು ತಾವೇ ಹತ್ತಿರದ ಕೆರೆಗೆ ಸುರಿಯುವಂತಿಲ್ಲ, ಅಲ್ಲಿನ ನಾಡಮೀನುಗಳಿಗೆ ಸಕ್ಕರ್ ಒಂದೇ ಸಾಕು. ಉಳಿದ ದಾರಿ ಬಾಟಲಿಗೆ ತುಂಬಿ ಹಂಚುವುದು. ಮೊದಲ ಸಲ ಎದುರು ಮನೆಯ ಮಕ್ಕಳು ಕುಣಿಯುತ್ತಾರೆ. ಎರಡನೆಯ ಸಲ ಅವರಮ್ಮ 'ಅಯ್ಯೋ, ಯಾಕೆ ತೊಂದ್ರೆ ತಗೋತೀರಾ' ಎನ್ನುತ್ತಾರೆ. ಮೂರನೆಯ ಸಲ ಯಜಮಾನರು ಬಾಟಲಿ ಹಿಡಿದು ಗೇಟು ತೆಗೆಯುವಷ್ಟರಲ್ಲಿ, ಅಲ್ಲಿಂದಲೇ ಯಾರೋ ಇನ್ನೊಂದು ಬಾಟಲಿ ಹಿಡಿದು ಇತ್ತ ಬರುತ್ತಿರುತ್ತಾರೆ.